ಒಂದು ನಳಿಕೆ, ಎರಡು ಈಡು

೬ ಜನವರಿ

ಅಕ್ಕನಿಗೆ,

ನೀವೂ ಅಪ್ಪನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಹನ್ನೊಂದು ವರ್ಷದ ಮೇಲೆ ಬರೆಯುವ ಪತ್ರವನ್ನು ಹೇಗೆ ಶುರು ಮಾಡಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದು ಹಾಕಿದೆ. ಆದ್ದರಿಂದ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ನಾನೀಗ ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ದಾಸ್ತಾನು ಗುಮಾಸ್ತ. ನೆಲಮಾಳಿಗೆಯ ಕೋಣೆಯಲ್ಲಿ ನಲವತ್ತೊಂದು ಹಳೆಯ ಕೋವಿಗಳಿವೆ. ಏಪ್ರಿಲ್‌ನಲ್ಲಿ ಅವನ್ನೆಲ್ಲ ಮೇಲಿನ ಕೋಣೆಗೆ ಸಾಗಿಸಿ, ಐನೂರು ವರ್ಷಗಳಲ್ಲಿ ಮನುಷ್ಯ ಕೋವಿಗೆ ಮದ್ದುಗುಂಡಿನ ಈಡು ತುಂಬುವುದನ್ನು ಹೇಗೆ ಹೇಗೆ ಬದಲಿಸಿಕೊಂಡ ಎಂದು ಜನರಿಗೆ ತೋರಿಸುತ್ತಾರಂತೆ. ಅದಕ್ಕೆ ಮೊದಲು ಪ್ರತಿಯೊಂದನ್ನೂ ಪರೀಕ್ಷಿಸಿ, 'ಇದರೊಳಗೆ ಏನೂ ಇಲ್ಲ' ಎಂದು ಒಬ್ಬರು ಸಹಿ ಹಾಕಬೇಕು. ನಮ್ಮ ಮೇಲಧಿಕಾರಿ ಮೇಡಂ ನನ್ನ ಹಳೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ 'ಕೋವಿ ದುರಸ್ತಿ' ಎಂದಿದ್ದನ್ನು ನೋಡಿ, ಈ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಅಪ್ಪನ ಎಡಗೈಯ ಮೂರು ಬೆರಳು ಹಾರಿಸಿದವನು ನಾನೇ ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ.

ಬಾಯಿಂದ ತುಂಬುವ ಕೋವಿ ಖಾಲಿಯೋ ಅಲ್ಲವೋ ಎಂದು ಅಳೆಯುವ ಕ್ರಮ ನನಗೆ ನೆನಪಿದೆ. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ದಯವಿಟ್ಟು ನೀವು ಅದನ್ನು ಹಂತಹಂತವಾಗಿ ಬರೆದು ಕಳಿಸಿದರೆ ಉಪಕಾರವಾಗುತ್ತದೆ. ಅಪ್ಪನಿಗೆ ಹೇಳಬೇಕೆಂದಿಲ್ಲ.

ವಿಶ್ವಾಸಿ,
ತಮ್ಮ

*

೧೫ ಜನವರಿ

ತಮ್ಮಾ,

ಸರಕಾರಿ ನೋಟೀಸು ಬಂತೇನೋ ಎಂದು ಹೆದರಿಕೊಂಡೇ ಲಕೋಟೆ ಒಡೆದೆ. ಒಳಗೆ ನೋಡಿದರೆ ನೀನು! ಯಾವಾಗಿನಿಂದ ನಾನು ನಿನಗೆ 'ನೀವು' ಆದೆ? ನಿನ್ನ ಮೂಗು ಒರೆಸಿದ ಕೈ ಇದು. ಇನ್ನೊಂದು ಸಲ 'ಉಪಕಾರ' ಅಂತ ಬರೆದರೆ ಪತ್ರ ವಾಪಸು ಕಳಿಸುತ್ತೇನೆ.

ಕ್ರಮ ಕೇಳಿದ್ದೀಯ, ಬರೆದುಕೋ. ಮೊದಲು ಕೋವಿಯ ಬಾಯಿ ಗೋಡೆಯ ಕಡೆ ಇರಲಿ, ನೀನು ಪಕ್ಕಕ್ಕಿರು. ಕಿಡಿ ಹುಟ್ಟಿಸುವ ಕೇಪು ಹಾಕುವ ಮೊಳೆಯ ಮೇಲೆ ಹಳೆಯ ಕೇಪು ಕೂತಿದೆಯಾ ನೋಡು, ಕೂತಿದ್ದರೆ ತೆಗೆ. ಆಮೇಲೆ ಮರದ ಗಜದ ಕೋಲನ್ನು ನಳಿಕೆಯೊಳಗೆ ತಳ ಮುಟ್ಟುವ ತನಕ ಮೆಲ್ಲಗೆ ಇಳಿಸು. ಕಬ್ಬಿಣದ್ದು ಬೇಡ. ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆ. ಕೋಲು ಹೊರಗೆ ತೆಗೆದು, ಆ ಗೆರೆಯನ್ನು ಬಾಯಿಗೆ ಹೊಂದಿಸಿ ನಳಿಕೆಯ ಹೊರಗೆ ಮಲಗಿಸು. ಕೋಲಿನ ತುದಿ ಬೆಂಕಿ ಹಾಯುವ ತೂತಿನವರೆಗೆ ಬಂದರೆ ಕೋವಿ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ, ಸತ್ತ ಯಾವನೋ ಪುಣ್ಯಾತ್ಮ ತನ್ನ ಈಡನ್ನು ನಿನಗೆ ಬಿಟ್ಟುಹೋಗಿದ್ದಾನೆ ಎಂದು ಅರ್ಥ. ಆಗ ಬೇರೇನೂ ಮಾಡದೆ ನಳಿಕೆಗೆ ನೀರು ಹುಯ್ದು ನಿಲ್ಲಿಸಿ, ನನಗೆ ಬರೆ.

ಇಲ್ಲಿ ಅಂಗಡಿ ನಡೆಯುತ್ತಿದೆ. ಬರುವುದೆಲ್ಲ ತೋಟೆ ಹಾಕುವ ಕೋವಿಗಳೇ, ಅದೂ ತಿಂಗಳಿಗೆ ನಾಲ್ಕೋ ಐದೋ. ಮಿಕ್ಕ ದಿನ ಹೊಲಿಗೆ ಯಂತ್ರ, ತಕ್ಕಡಿ, ಬೀಗ. ಹೊಟ್ಟೆಪಾಡು ನೋಡು, ಕೋವಿ ದುರಸ್ತಿ ಅಂತ ಬೋರ್ಡು, ಕೈಯಲ್ಲಿ ಹೊಲಿಗೆ ಯಂತ್ರದ ಚಕ್ರ.

ಅಪ್ಪ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಬಲಗೈಯಲ್ಲಿ ತಿರುಪುಗಳನ್ನು ಗಾತ್ರದ ಪ್ರಕಾರ ಡಬ್ಬಿಗಳಿಗೆ ಹಾಕುತ್ತಿರುತ್ತಾರೆ. ನಿನ್ನ ಲಕೋಟೆ ನೋಡಿ, ಯಾರ ಅಕ್ಷರ ಅಂದರು. ಗೊತ್ತಿದ್ದೂ ಯಾಕೆ ಕೇಳ್ತೀರಿ ಅಂದೆ. ಮತ್ತೆ ತಿರುಪಿನ ಡಬ್ಬಿಯ ಕಡೆ ತಿರುಗಿದರು.

ನಿನ್ನ
ಅಕ್ಕ

*

೨ ಫೆಬ್ರವರಿ

ಅಕ್ಕಾ,

ನಿನ್ನ ಪತ್ರವನ್ನು ಗೋಡೆಗೆ ಅಂಟಿಸಿಕೊಂಡು ಕೆಲಸ ಶುರು ಮಾಡಿದೆ. ಮೊದಲ ದಿನ ಆರು ಕೋವಿ ಮುಗಿಯಿತು. ಒಂದೊಂದನ್ನು ಏಳೇಳು ಸಲ ಅಳೆದೆ ಎಂದರೆ ನಗುತ್ತೀಯ. ಅಳೆದು ಬರೆದಿಟ್ಟ ಮೇಲೂ, ನಿಜವಾಗಿ ಅಳೆದೆನೋ ಅಳೆದೆ ಅಂದುಕೊಂಡೆನೋ ಎಂದು ಅನುಮಾನ ಹತ್ತುತ್ತದೆ. ಮತ್ತೆ ಕೋಲು ಇಳಿಸುತ್ತೇನೆ. ಮನೆಯಲ್ಲೂ ಇದೇ ಪಾಡು. ಬಾಗಿಲಿಗೆ ಬೀಗ ಹಾಕಿ ಬೀದಿಗಿಳಿದು, ಬೀಗ ಹಾಕಿದೆನಾ ಎಂದು ಮೂರು ಸಲ ಮೆಟ್ಟಿಲು ಹತ್ತುತ್ತೇನೆ. ಆ ದಿನದಿಂದ ಹೀಗೇ.

ಇಪ್ಪತ್ತಮೂರನೆಯ ಕೋವಿಯಲ್ಲಿ ಕೋಲು ನಾಲ್ಕು ಬೆರಳು ಮೊದಲೇ ನಿಂತಿತು. ನೀನು ಹೇಳಿದಂತೆ ನೀರು ಹುಯ್ದೆ. ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ. ಮೇಡಂ ಬಂದು, ಮೈಗೆ ಹುಷಾರಿಲ್ಲವಾ ಎಂದು ಕೇಳಿದರು. ಧೂಳು ಎಂದೆ. ಈ ಈಡನ್ನು ಹೊರಗೆ ತೆಗೆಯುವುದು ಹೇಗೆ, ಬರೆ.

ಗೋಡೆಗೆ ಹಾಕುವ ಫಲಕಗಳನ್ನೂ ನಾನೇ ಬರೆಯಬೇಕಂತೆ. ಕರಡು ಇದರೊಂದಿಗಿದೆ, ತಪ್ಪಿದ್ದರೆ ತಿದ್ದು. ಮೊಟ್ಟಮೊದಲು ಕೋಲಿನ ತುದಿಗೆ ಕಟ್ಟಿದ ಕಬ್ಬಿಣದ ಕೊಳವೆ, ಅದಕ್ಕೆ ಕೈಯಾರೆ ಕೆಂಡ ಮುಟ್ಟಿಸುವ ಮನುಷ್ಯ. ಆಮೇಲೆ ಹೊಗೆಯಾಡುವ ಬತ್ತಿಯನ್ನು ಕಚ್ಚಿಕೊಂಡ ಕೊಕ್ಕೆ, ಟ್ರಿಗರ್ ಒತ್ತಿದರೆ ಅದು ಬಗ್ಗಿ ಮದ್ದಿನ ಬಟ್ಟಲನ್ನು ಮುಟ್ಟುತ್ತದೆ. ಆಮೇಲೆ ಕೀಲಿ ಕೊಡುವ ಚಕ್ರ, ಅದಾದ ಮೇಲೆ ಚಕಮಕಿ ಕಲ್ಲು, ಕೊನೆಗೆ ಕೇಪು. ಬರೆಯುತ್ತಾ ಬರೆಯುತ್ತಾ ಒಂದು ವಿಷಯ ಹೊಳೆಯಿತು. ಇಷ್ಟೂ ಕಾಲ ಬುದ್ಧಿವಂತರೆಲ್ಲ ತಲೆ ಕೆಡಿಸಿಕೊಂಡಿದ್ದು ಬೆಂಕಿ ಹಚ್ಚುವ ದಾರಿಯ ಬಗ್ಗೆ. ತುಂಬುವುದು ಮಾತ್ರ ಹೆಚ್ಚುಕಡಿಮೆ ನಾನೂರು ವರ್ಷ ಅದೇ ಬಾಯಿಂದ, ಒಳಗೆ ಏನಿದೆಯೆಂದು ಕಾಣದ ಕತ್ತಲೆಗೆ.

ಅಪ್ಪನ ಕೈ ಚಳಿಗೆ ನೋಯುತ್ತದೆಯೇ?

ನಿನ್ನ
ತಮ್ಮ

*

೧೧ ಫೆಬ್ರವರಿ

ತಮ್ಮಾ,

ಚಳಿಗೂ ನೋಯುತ್ತದೆ, ಮೋಡಕ್ಕೂ ನೋಯುತ್ತದೆ. ಇಲ್ಲದ ಬೆರಳು ನೋಯುತ್ತದಂತೆ. ಡಾಕ್ಟರು ಅದು ಸಹಜ ಅಂದರು. ಅವರಿಗೇನು, ಅವರ ಬೆರಳು ಹತ್ತೂ ಇವೆ.

ಈಡು ತೆಗೆಯಲು ಗಜದ ತುದಿಗೆ ಹಾಕುವ ತಿರುಪುಮೊಳೆ ಒಂದನ್ನು ಕಟ್ಟಿ ಕಳಿಸಿದ್ದೇನೆ. ಮದ್ದು ಪೂರಾ ನೆನೆದು ಕೆಸರಾಗಲಿ, ಎರಡು ದಿನ ಬಿಡು. ಅವಸರ ಮಾಡಬೇಡ. ಜೊತೆಗೊಬ್ಬರು ಇರಲಿ.

ಇನ್ನು ನಿನ್ನ ಫಲಕಗಳು. ಅಯ್ಯೋ ದೇವರೇ, ಎಷ್ಟು ಗಂಭೀರ! ಓದಿದವರು ಅಲ್ಲೇ ಗೊರಕೆ ಹೊಡೆಯುತ್ತಾರೆ. ಕೀಲಿ ಚಕ್ರದ ಕೋವಿ ಗಡಿಯಾರದವನೂ ಕಮ್ಮಾರನೂ ಸೇರಿ ಸಾಕಿದ ಮಗು, ಬೆಲೆ ಕೇಳಿ ಶತ್ರುವಿಗಿಂತ ಮೊದಲು ಕೊಂಡವನೇ ಬೀಳುತ್ತಿದ್ದ ಎಂದು ಬರೆ. ಚಕಮಕಿ ಕಲ್ಲು ಇಪ್ಪತ್ತು ಮೂವತ್ತು ಈಡಿಗೆ ಮೊಂಡಾಗುತ್ತಿತ್ತು ಎಂದು ಬರೆ. ಮದ್ದಿನ ಕಾಗದದ ಪೊಟ್ಟಣವನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು, ಮುಂದಿನ ಹಲ್ಲಿಲ್ಲದವನನ್ನು ಸೇನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಜನ ಅದನ್ನು ಓದಿ ಮನೆಗೆ ಹೋಗಿ ಹೇಳುತ್ತಾರೆ.

ಹಿಂದಿನಿಂದ ತುಂಬುವ ಕೋವಿಯ ಫಲಕದಲ್ಲಿ 'ಆಮೇಲೆ ಯಾರಿಗೋ ಹೊಳೆಯಿತು' ಎಂದು ಬರೆದಿದ್ದೀಯ. ತಪ್ಪು. ಹೊಳೆದದ್ದು ಬಹಳ ಹಿಂದೆಯೇ. ಹಿಂಬದಿಗೆ ಬಾಗಿಲು ಇಡುವುದು ಯಾರಿಗೂ ಕಷ್ಟವಾಗಲಿಲ್ಲ. ಆ ಬಾಗಿಲ ಸಂದಿಯಿಂದ ಬೆಂಕಿ ಹೊರಗೆ ಬಂದು ಹಾರಿಸಿದವನ ಮುಖವನ್ನೇ ಸುಡುತ್ತಿತ್ತು, ಅದನ್ನು ತಡೆಯುವುದು ಕಷ್ಟವಾಯಿತು. ಹಿತ್ತಾಳೆಯ ತೋಟೆ ಬಂದು, ಅದು ಬಿಸಿಗೆ ಉಬ್ಬಿ ಸಂದಿಯನ್ನು ತಾನೇ ಮುಚ್ಚುವವರೆಗೆ ಕಾಯಬೇಕಾಯಿತು. ಈಗ ಕೋವಿ ಮಡಚಿ ಒಳಗೆ ಇಣುಕಿದರೆ ಸಾಕು, ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಇದನ್ನೆಲ್ಲ ನಾನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಕಿಟಕಿಯ ಕಡೆಯಿಂದ ಅಪ್ಪ ಅಂದರು: "ಕೇಪು ಹಿತ್ತಾಳೇದು ಅಂತ ಬರೆದಿದ್ದಾನೆ. ತಾಮ್ರದ್ದು. ತಿದ್ದು." ಹನ್ನೊಂದು ವರ್ಷದಲ್ಲಿ ಅವರು ನಿನ್ನ ಬಗ್ಗೆ ಆಡಿದ ಮೊದಲನೇ ಮಾತು ಇದು. ನಾನು ಒಳಗೆ ಹೋಗಿ ನೀರು ಕುಡಿದು ಬಂದೆ.

ಅಮ್ಮ ತೀರಿಕೊಂಡಾಗ ನೀನು ಬಂದು ಬೀದಿಯಲ್ಲೇ ನಿಂತು, ಅಂಗಡಿಯ ಹೊಸಿಲು ತುಳಿಯದೆ ಹೋದೆ. ಅವತ್ತು ನಿನಗೆ ಹೇಳಬೇಕಾದ ಒಂದು ಮಾತಿತ್ತು. ಬಾಗಿಲ ತನಕ ಬಂದೆ, ನೀನು ಆಗಲೇ ತಿರುವಿನಲ್ಲಿದ್ದೆ. ಕೂಗಬಹುದಿತ್ತು. ಕೂಗಲಿಲ್ಲ.

ನಿನ್ನ
ಅಕ್ಕ

*

೯ ಮಾರ್ಚ್

ಅಕ್ಕಾ,

ಈಡು ಹೊರಗೆ ಬಂತು. ಕಾವಲುಗಾರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದೆ. ಕಪ್ಪು ಕೆಸರು, ಒಂದು ಸೀಸದ ಗುಂಡು, ಹಳದಿಯಾದ ಬಟ್ಟೆಚೂರು. ನೂರೈವತ್ತು ವರ್ಷ ಕಾದಿತ್ತು ಎಂದು ಕಾವಲುಗಾರನಿಗೆ ಹೇಳಿದೆ. ಅವನು, ನಮ್ಮ ಪೆನ್ಷನ್ ಅರ್ಜಿಗಿಂತ ವಾಸಿ ಬಿಡಿ ಸಾರ್ ಅಂದ.

ಕೊನೆಯ ಫಲಕ ಒಂದು ಉಳಿದಿತ್ತು. ಒಂದು ದೊಡ್ಡ ಯುದ್ಧ ಮುಗಿದ ಮೇಲೆ ನೆಲದಲ್ಲಿ ಬಿದ್ದ ಕೋವಿಗಳನ್ನು ಆಯ್ದು ನೋಡಿದಾಗ, ಸಾವಿರಾರು ಕೋವಿಗಳಲ್ಲಿ ಈಡಿನ ಮೇಲೆ ಈಡು ಇತ್ತಂತೆ. ಗದ್ದಲದಲ್ಲಿ ಕೇಪು ಹೊಡೆದರೂ ಮದ್ದು ಹತ್ತದಿದ್ದುದು ಸಿಪಾಯಿಗೆ ತಿಳಿಯದೆ ಮತ್ತೆ ತುಂಬಿದ್ದಾನೆ. ನಾನು ಹೀಗೆ ಬರೆದಿದ್ದೇನೆ: 'ಒಂದೇ ನಳಿಕೆಗೆ ಎರಡು ಈಡು ಬೀಳುವುದು ತುಂಬುವವನ ಮರೆವಿನಿಂದ. ಅಂಥ ಕೈ ಕೋವಿ ಮುಟ್ಟಬಾರದು.' ಮೇಡಂ ಎರಡನೆಯ ವಾಕ್ಯ ತೆಗೆಯಿರಿ ಅಂದರು. ತೆಗೆಯಲು ನನಗೆ ಮನಸ್ಸಿಲ್ಲ.

ಆ ದಿನದ್ದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ತುಂಬಿದ ಕೋವಿಯಲ್ಲಿ ಕೇಪು ಬಡಿಯುವ ಕುದುರೆಗೆ ಕೆಂಪು ದಾರ ಕಟ್ಟುವ ಪದ್ಧತಿ. ನಿವೃತ್ತ ಪೋಸ್ಟ್‌ಮಾಸ್ತರರ ಒಂಟಿ ನಳಿಕೆ ಕೋವಿ ಹಿಂದಿನ ಕೋಣೆಯ ಗೂಟದಲ್ಲಿತ್ತು, ದಾರ ಇರಲಿಲ್ಲ. ಮಧ್ಯಾಹ್ನ ಹಾರಿಸಿ ನೋಡೋಣ, ತುಂಬಿಡು ಎಂದು ಅಪ್ಪ ಹೇಳಿದ್ದರು. ಎಂದಿನಂತೆ ಮೊಳೆಯ ತೂತಿಗೆ ಸೂಜಿ ಚುಚ್ಚಿ ಬಿಡಿಸಿ, ಮದ್ದು ಅಳೆದೆ. ಅಷ್ಟರಲ್ಲಿ ಅಮ್ಮ ಟೀಗೆ ಕರೆದಳು. ಹೋಗುವ ಮೊದಲೇ ಮದ್ದು ಸುರಿದಿದ್ದೆನೋ, ಬಂದ ಮೇಲೆ ಸುರಿದೆನೋ, ಎರಡೂ ಸಲ ಸುರಿದೆನೋ, ಅದು ಇವತ್ತಿಗೂ ನೆನಪಾಗುವುದಿಲ್ಲ. ದಾರ ಕಟ್ಟಿದ್ದು ನೆನಪಿದೆ. ಅಪ್ಪ ದಾರ ಬಿಚ್ಚಿ ಹಿತ್ತಲಿಗೆ ಒಯ್ದದ್ದು ನೆನಪಿದೆ. ಆಮೇಲೆ ಅವರ ಕೈಯಲ್ಲೇ ನಳಿಕೆ ಒಡೆದದ್ದು ನಿನಗೂ ಗೊತ್ತು. ಎರಡು ಈಡು ತುಂಬಿದ್ದಾನೆ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ಅಂದರು. ನನಗೂ ಹಾಗೇ ಇರಬೇಕು ಅನ್ನಿಸಿತು. ಒಂಬತ್ತನೆಯ ದಿನ ಮನೆ ಬಿಟ್ಟೆ.

ಮಾರ್ಚ್ ೩೧ಕ್ಕೆ ನಾನು ಸಹಿ ಹಾಕಬೇಕು. ಹಾಕುವುದಿಲ್ಲ. ನಾಳೆ ಮಕ್ಕಳು ಆ ಕೋಣೆಯಲ್ಲಿ ಓಡಾಡುತ್ತಾರೆ, ಈ ಕೈಯನ್ನು ನಂಬಿ. ರಾಜೀನಾಮೆ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಎಲ್ಲಾದರೂ ಬರೀ ಕಾಗದದ ಕೆಲಸ ನೋಡಿಕೊಳ್ಳುತ್ತೇನೆ. ಕಾಗದ ಸಿಡಿಯುವುದಿಲ್ಲ.

ತಮ್ಮ

*

೧೩ ಮಾರ್ಚ್

ತಮ್ಮಾ,

ರಾಜೀನಾಮೆ ಕೊಡಬೇಡ. ಮೊದಲು ಇದನ್ನು ಓದು, ಪೂರ್ತಿ ಓದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಫಲಕ ಓದಿ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಅದು ತಪ್ಪು, ಅಳಿಸು. ಎರಡು ಈಡು ಬೀಳಲು ಒಂದೇ ಕೈ ಬೇಕಾಗಿಲ್ಲ.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಪೋಸ್ಟ್‌ಮಾಸ್ತರರು ಬಂದಿದ್ದರು. ನೀನು ಪೇಟೆಗೆ ಹೋಗಿದ್ದೆ, ಅಪ್ಪನೂ ಅಂಗಡಿಯಲ್ಲಿ ಇರಲಿಲ್ಲ. ನಮ್ಮಜ್ಜನ ಕೋವಿ, ಒಂದು ಸಲ ಅದರ ಸದ್ದು ಕೇಳಬೇಕಮ್ಮ ಅಂದರು. ನಾನೇ ತುಂಬಿದೆ. ಹಿತ್ತಲಿನ ಮರಳು ಮೂಟೆಗೆ ಗುರಿಯಿಟ್ಟೆ. ಕೇಪು ಚಟ್ ಅಂದಿತು, ಮದ್ದು ಹತ್ತಲಿಲ್ಲ. ಮೊಳೆಯ ತೂತು ಕಟ್ಟಿತ್ತು. ಕಾಯಬೇಕಾದಷ್ಟು ಹೊತ್ತು ಕಾದು, ಅದನ್ನು ಚುಚ್ಚಿ ತೆರೆಯಲು ಸೂಜಿ ತರೋಣ ಎಂದು ಕೋವಿಯನ್ನು ಗೂಟಕ್ಕೆ ಹಾಕಿದೆ. ತಕ್ಷಣ ಹಾರಿಸುವುದು ತಾನೇ ಎಂದು ದಾರ ಕಟ್ಟಿರಲಿಲ್ಲ. ನಮ್ಮ ಪದ್ಧತಿಯಲ್ಲೇ ಇದ್ದ ತೂತು ಅದು. ತುಂಬಿ ಇಡುವ ಕೋವಿಗೆ ದಾರ, ತುಂಬಿ ಹಾರಿಸುವ ಕೋವಿಗೆ ದಾರ ಇಲ್ಲ. ತುಂಬಿ, ಹಾರದೆ ಉಳಿದದ್ದಕ್ಕೆ ಏನು ಎಂದು ಯಾರೂ ಯೋಚಿಸಿರಲಿಲ್ಲ.

ಅಷ್ಟು ಹೊತ್ತಿಗೆ ಮುಂದಿನ ಬಾಗಿಲಿಗೆ ಲೈಸೆನ್ಸ್ ಕಚೇರಿಯವರು ಬಂದರು. ಅಂಗಡಿ ಲೈಸೆನ್ಸು ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಆಗಬೇಕಿದ್ದ ವರ್ಷ ಅದು. ಎರಡು ಗಂಟೆ ಕಾಲ ಅವರ ಪ್ರಶ್ನೆಗೆ ಉತ್ತರ ಕೊಟ್ಟೆ. ಹೆಂಗಸು ಈ ಕೆಲಸ ಹೇಗೆ ಮಾಡ್ತೀಯಮ್ಮ, ಜವಾಬ್ದಾರಿ ಗೊತ್ತಾ, ಅಂತ. ಗೊತ್ತು ಸಾರ್, ಗೊತ್ತು ಸಾರ್ ಅಂತ ಹೇಳ್ತಾನೇ ಇದ್ದೆ. ಗೂಟದಲ್ಲಿದ್ದ ಕೋವಿ ತಲೆಯಿಂದ ಪೂರಾ ಹಾರಿಹೋಯಿತು. ಪೋಸ್ಟ್‌ಮಾಸ್ತರರು ಕಾದೂ ಕಾದೂ ನಾಳೆ ಬರ್ತೀನಿ ಅಂತ ಹೋದರು. ನನ್ನ ಈಡನ್ನು ನಾನು ಆಮೇಲೆ ತೆಗೆದಿರಬೇಕು ಅಂತ ಅವರು ಅಂದುಕೊಂಡರು.

ಮಧ್ಯಾಹ್ನ ಆ ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಹಿತ್ತಲಿಗೆ ಓಡುವಾಗಲೇ ಗೊತ್ತಿತ್ತು. ನಿನ್ನ ಕೈ ಒಂದೇ ಈಡು ತುಂಬಿತ್ತು ತಮ್ಮಾ. ಕೆಳಗಿದ್ದದ್ದು ನನ್ನದು.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೊದಲ ದಿನ ಅಪ್ಪ ಬದುಕಿದರೆ ಸಾಕಾಗಿತ್ತು. ಎರಡನೆಯ ದಿನ ಜನ ನಿನ್ನ ಹೆಸರು ಹೇಳಿದರು, ನೀನು ತಲೆ ತಗ್ಗಿಸಿದೆ, ನಾನು ಸುಮ್ಮನಾದೆ. ಸತ್ಯ ಹೇಳಿದ್ದರೆ ಲೈಸೆನ್ಸು ಬರುತ್ತಿರಲಿಲ್ಲ. ನನ್ನ ಕೈ ಅಪ್ಪನ ಕೈ ಅಂತ ಊರೆಲ್ಲ ಅನ್ನುತ್ತಿತ್ತು, ಆ ಮಾತು ಬಿಟ್ಟುಕೊಡಲು ನನಗೆ ಆಗಲಿಲ್ಲ. ನೀನು ಹೇಗೂ ಪುಸ್ತಕ ಓದುವವನು, ಬೇರೆ ಕೆಲಸ ಹುಡುಕಿಕೊಳ್ಳುತ್ತೀಯ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಮೂರು ಸಲ ಮೆಟ್ಟಿಲು ಹತ್ತುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನಾ? ಅದೂ ಗೊತ್ತಿಲ್ಲ. ನಾನು ಒಳ್ಳೆಯವಳಲ್ಲ.

ಸಹಿ ಹಾಕು. ನಿನ್ನ ಕೈಗೆ ಏನೂ ಆಗಿಲ್ಲ.

ಅಕ್ಕ

*

೨೦ ಏಪ್ರಿಲ್

ತಮ್ಮಾ,

ಐದು ವಾರ ಆಯಿತು. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಅರ ಕೆಳಗಿಡುತ್ತೇನೆ. ಅವನು ಹೊಲಿಗೆ ಯಂತ್ರದ ಕಂಪನಿಯ ಬೆಲೆಪಟ್ಟಿ ಕೊಟ್ಟು ಹೋಗುತ್ತಾನೆ.

ಬೈದಾದರೂ ಬರೆ. ಕೆಲಸದಲ್ಲಿ ಇದ್ದೀಯಾ, ಬಿಟ್ಟೆಯಾ, ಅದೊಂದು ತಿಳಿಸು ಸಾಕು.

ಅಕ್ಕ

*

೫ ಮೇ

ಅಕ್ಕಾ,

ಕೆಲಸದಲ್ಲಿದ್ದೇನೆ. ೩೧ರಂದು ನಲವತ್ತೊಂದಕ್ಕೂ ಸಹಿ ಹಾಕಿದೆ. ಕೊನೆಯ ದಿನ ಒಂದೊಂದನ್ನು ಎರಡೇ ಸಲ ಅಳೆದೆ. ಫಲಕ ಬದಲಿಸಿದೆ. ಕೋಣೆ ತೆರೆದಿದೆ, ಜನ ಬರುತ್ತಿದ್ದಾರೆ, ಹಲ್ಲಿನ ವಿಷಯ ಓದಿ ತಂತಮ್ಮ ಹಲ್ಲು ಮುಟ್ಟಿಕೊಳ್ಳುತ್ತಾರೆ.

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆದದ್ದೆಲ್ಲ ಬೈಗುಳವೇ ಆಗುತ್ತಿತ್ತು. ಈಗಲೂ ಸಿಟ್ಟು ಇಳಿದಿಲ್ಲ. ಪತ್ರ ಓದಿದ ರಾತ್ರಿ ಮೊದಲು ನನಗೆ ಆದದ್ದು ಸಂತೋಷ. ನಾನಲ್ಲ, ನಾನಲ್ಲ ಎಂದು ಕೋಣೆಯೊಳಗೆ ಓಡಾಡಿದೆ. ಬೆಳಗಾಗುವ ಹೊತ್ತಿಗೆ ವರ್ಷಗಳನ್ನು ಲೆಕ್ಕ ಹಾಕತೊಡಗಿದೆ. ಇಪ್ಪತ್ತನಾಲ್ಕರಿಂದ ಮೂವತ್ತೈದು. ಒಂದು ಹೆಣ್ಣು ನನ್ನನ್ನು ಮದುವೆಯಾಗುತ್ತೇನೆ ಅಂದಿದ್ದಳು. ನಾಳೆ ಮಗುವೊಂದನ್ನು ಈ ಕೈಗೆ ಕೊಟ್ಟರೆ ಏನು ಮಾಡಲಿ ಎಂದು ಹೆದರಿ ಬೇಡ ಅಂದೆ. ಇದನ್ನು ನೀನು ತಿಳಿದಿರಬೇಕು.

ಅಮ್ಮ ಎರಡು ಸಲ ನನ್ನ ಕೋಣೆಗೆ ಬಂದು ಇದ್ದು ಹೋದಳು. ನಾನು ಸ್ಟೌ ಹಚ್ಚುವಾಗ ಏನೋ ನೆಪ ಮಾಡಿಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳು. ನಾನು ಹೊರಗೆ ಹೋದ ಮೇಲೆ ಅದರ ತಿರುಗಣೆ ಮುಟ್ಟಿ ನೋಡುತ್ತಿದ್ದಳು. ಅವಳು ಅದೇ ಅನುಮಾನ ಇಟ್ಟುಕೊಂಡೇ ಸತ್ತಳು. ನನಗೆ ಕೊಟ್ಟ ಸಮಾಧಾನವನ್ನು ನೀನು ಅವಳಿಗೆ ಹೋಗಿ ಕೊಡಲಾರೆ. ಇದಕ್ಕೆ ಏನು ಹೇಳುತ್ತೀಯ?

ಅಪ್ಪ ಇನ್ನೂ ಇದ್ದಾರೆ. ಅವರಿಗೆ ಹೇಳು. ನಿನ್ನ ಬಾಯಿಂದಲೇ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ತಮ್ಮ

*

೧೯ ಮೇ

ಮಗನಿಗೆ,

ನಂಗೆ ಬರೆಯೋ ಭಾಷೆ ಬರಲ್ಲ, ಮಾತಾಡಿದ ಹಾಗೇ ಬರೀತೀನಿ. ಕಾಗದ ಹಿಡ್ಕೊಳ್ಳೋಕೆ ಎಡಗೈ ಸರಿಯಿಲ್ಲ, ಮೇಲೆ ಒಂದು ಅರ ಇಟ್ಕೊಂಡಿದ್ದೀನಿ. ಅಕ್ಷರ ಸೊಟ್ಟ ಆದ್ರೆ ಓದ್ಕೋ.

ನಿನ್ನಕ್ಕ ಮೊನ್ನೆ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ನನ್ನೆದುರು ಬಂದು ಕೂತ್ಕೊಂಡ್ಲು. ಎಲ್ಲಾ ಹೇಳಿದ್ಲು. ಅಳ್ಲಿಲ್ಲ. ನಾನು ಒಂದು ಮಾತೂ ಆಡ್ಲಿಲ್ಲ. ನಂಗೆ ಅವಳ ಮೇಲೆ ಸಿಟ್ಟು ಅಂತ ಅಂದ್ಕೊಂಡಿದ್ದಾಳೆ. ಎರಡು ದಿನದಿಂದ ಊಟ ತಂದಿಟ್ಟು ಮುಖ ನೋಡ್ದೆ ಹೋಗ್ತಾಳೆ. ನಿಂಗೆ ಬರೆದ ಮೇಲೆ ಅವಳಿಗೂ ಇದನ್ನೇ ಓದೋಕೆ ಕೊಡ್ತೀನಿ.

ನಂಗೆ ಗೊತ್ತಿತ್ತು ಮಗಾ. ಆಸ್ಪತ್ರೆಗೆ ಎತ್ಕೊಂಡು ಹೋಗೋ ಮುಂಚೇನೇ ಗೊತ್ತಿತ್ತು. ಹಿತ್ತಲಲ್ಲಿ ನಾನು ಬಿದ್ದ ಜಾಗದಲ್ಲೇ, ಕಣ್ಣೆದುರಿಗೆ ಉಣ್ಣೆ ಬಟ್ಟೆಯ ಬಿಲ್ಲೆ ಒಂದು ಬಿದ್ದಿತ್ತು, ಅರ್ಧ ಸುಟ್ಟಿದ್ದು. ಮದ್ದಿನ ಮೇಲೆ ಒತ್ತೋಕೆ ನೀನು ಯಾವತ್ತೂ ಕಾಗದದ ಉಂಡೆ ಹಾಕ್ತಿದ್ದೆ. ಉಣ್ಣೆ ಬಿಲ್ಲೆ ಕತ್ತರಿಸಿ ಹಾಕೋದು ನಿನ್ನಕ್ಕ ಒಬ್ಬಳೇ. ಒಂದು ಅವಳದು, ಒಂದು ನಿನ್ನದು ಅಂತ ಅಲ್ಲೇ ತಿಳೀತು.

ಹಾಗಾದ್ರೆ ಯಾಕೆ ಬಾಯಿ ಬಿಡ್ಲಿಲ್ಲ ಅಂತೀಯಾ. ಹೇಳ್ತೀನಿ. ನೀವಿಬ್ರೂ ಒಬ್ಬೊಬ್ರು ಒಂದೊಂದು ಸಲ ತುಂಬಿದ್ರಿ. ಹಾರಿಸಿದವನು ನಾನು. ನಲವತ್ತು ವರ್ಷ ಎಲ್ರಿಗೂ ಹೇಳ್ಕೊಟ್ಟೆ, ಯಾರೇ ತುಂಬಿರ್ಲಿ, ಹಾರಿಸೋನು ಅಳೀಬೇಕು, ಹಳೇ ನಳಿಕೆ ಆದ್ರೆ ಮೇಜಿಗೆ ಬಿಗಿದು ದೂರದಿಂದ ಹಗ್ಗ ಎಳೀಬೇಕು ಅಂತ. ಅವತ್ತು ಗಜ ನನ್ನ ಕೈಗೆ ಸಿಗೋ ಹಾಗೆ ಗೋಡೆಗೆ ಒರಗಿತ್ತು. ನಾನು ಅಳೀಲಿಲ್ಲ. ಬಿಗೀಲೂ ಇಲ್ಲ. ನಂಗೆ ಯಾಕೆ ಅಂತ ಅಹಂಕಾರ. ಒಂದು ಸಲ ಅಳೆದಿದ್ರೆ ಎಲ್ಲಾ ಅಲ್ಲೇ ಮುಗೀತಿತ್ತು.

ಯಾರು ತುಂಬಿದ್ದು ಅಂತ ನಾನು ಬಾಯಿ ಬಿಟ್ಟು ಕೇಳಿದ್ರೆ, ಮುಂದಿನ ಪ್ರಶ್ನೆ ನನ್ನ ಹತ್ರ ಬರ್ತಿತ್ತು. ನೀವ್ಯಾಕೆ ಅಳೀಲಿಲ್ಲ ಅಂತ. ಅವಳು ಸುಮ್ಮನಿದ್ಲು, ನೀನು ಒಪ್ಕೊಂಡೆ, ನಂಗೆ ಅನುಕೂಲ ಆಯ್ತು. ನೀನು ಹೊರಟು ನಿಂತಾಗ ನಾನು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಬಂದಿರ್ಲಿಲ್ಲ. ನೀನು ಬಾಗಿಲಲ್ಲಿ ಎಷ್ಟೊತ್ತು ನಿಂತಿದ್ದೆ ಅಂತ ನಂಗೊತ್ತು.

ಮೂರು ಬೆರಳು ನಾನೇ ಕಳ್ಕೊಂಡಿದ್ದು. ಮಗನ್ನೂ ನಾನೇ ಕಳ್ಕೊಂಡಿದ್ದು. ನಿಮ್ಮಮ್ಮ ನಿನ್ನ ನೋಡಿ ಬಂದಾಗಲೆಲ್ಲ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳೋಳು. ಅವಳಿಗಾದ್ರೂ ಹೇಳ್ಬಹುದಿತ್ತು. ಹೇಳ್ಲಿಲ್ಲ. ಅದೇ ನನ್ನ ದೊಡ್ಡ ಪಾಪ.

ನ್ಯಾಯವಾಗಿ ನಾನು ನಿನ್ನ ಹತ್ರ ಏನೂ ಕೇಳೋ ಹಾಗಿಲ್ಲ. ನಿನ್ನಕ್ಕನ್ನ ಬಯ್ಯೋದಿದ್ರೆ ಮೊದಲು ನನ್ನ ಬಯ್ದು ಆಮೇಲೆ ಅವಳ್ನ ಬಯ್ಯಿ.

ಅಪ್ಪ

*

೨೭ ಮೇ

ಅಪ್ಪನಿಗೂ ಅಕ್ಕನಿಗೂ, ಇಬ್ಬರೂ ಒಟ್ಟಿಗೆ ಓದಬೇಕು.

'ಕ್ಷಮಿಸಿದ್ದೇನೆ' ಎಂದು ಬರೆಯಲು ಕೂತೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. 'ಕ್ಷಮಿಸುವುದಿಲ್ಲ' ಎಂದು ಬರೆಯಲು ಹೋದೆ, ಅದೂ ಸುಳ್ಳು ಅನ್ನಿಸಿತು. ಆದ್ದರಿಂದ ಎರಡನ್ನೂ ಬಿಟ್ಟಿದ್ದೇನೆ.

ನಾನೂ ನಳಿಕೆ ಅಳೆಯಲಿಲ್ಲ ಎಂಬುದೂ ನಿಜ. ಈಡು ಒತ್ತಿದಾಗ ಗಜ ಎಂದಿಗಿಂತ ಮೂರು ನಾಲ್ಕು ಬೆರಳು ಹೆಚ್ಚಾಗಿ ಹೊರಗೆ ಉಳಿದಿರಲೇಬೇಕು. ನೋಡಿದ್ದರೆ ಕಾಣುತ್ತಿತ್ತು. ದಾರ ಇಲ್ಲ ಎಂದು ನೋಡಲಿಲ್ಲ. ಇದನ್ನು ಇಷ್ಟು ವರ್ಷ ಯೋಚಿಸಲೇ ಇಲ್ಲ, ಎರಡು ಸಲ ತುಂಬಿದೆನಾ ಎಂಬುದರಲ್ಲೇ ಮುಳುಗಿದ್ದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಹನ್ನೆರಡಕ್ಕೆ ಅಲ್ಲಿರುತ್ತೇನೆ. ಅಂಗಡಿಯ ಮುಂಬಾಗಿಲಿನಿಂದಲೇ ಒಳಗೆ ಬರುತ್ತೇನೆ. ನನಗೆ ಈ ಕಾಗದಗಳು ಸಾಲವು. ನೀವಿಬ್ಬರೂ ನನ್ನೆದುರು ಕೂತು, ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅಕ್ಕ ಮೊದಲು, ಆಮೇಲೆ ಅಪ್ಪ. ನನ್ನದನ್ನು ನಾನೂ ಹೇಳುತ್ತೇನೆ. ನಡುವೆ ಯಾರೂ ಎದ್ದು ನೀರು ಕುಡಿಯಲು ಒಳಗೆ ಹೋಗಬಾರದು.

ಅಮ್ಮ ಕೂರುತ್ತಿದ್ದ ಜಾಗದಲ್ಲಿ ಯಾರೂ ಕೂರಬೇಡಿ. ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ.

ಅದಾದ ಮೇಲೆ ಊಟ ಮಾಡೋಣ. ರಾತ್ರಿ ಉಳಿಯುತ್ತೇನೋ ಇಲ್ಲವೋ, ಆಗ ನೋಡೋಣ.

ಮಗ, ತಮ್ಮ